ಮೂರು ಸಲ ಬೀಸಿದ ಪದ

ಬೀಸುವ ಪದಗಳನ್ನು ಧ್ವನಿಮುದ್ರಿಸಲು ನಾನೇ ಮಾಡಿದ ಆ್ಯಪ್ ಹಿಡಿದು ಮೋರಟಗಿಗೆ ಹೋಗಿದ್ದೆ. ಬೀಸುಕಲ್ಲು ತಿರುಗಿಸುತ್ತ ಅಜ್ಜಿಯೊಬ್ಬರು ಹಾಡಿದರು. ಮುಗಿದ ಮೇಲೆ ನೋಡಿದರೆ ಆ್ಯಪಿನಲ್ಲಿ ಹಾಡುಗಳ ಪಟ್ಟಿ ಖಾಲಿ. ಊರಿನಲ್ಲಿ ಆ ಪದ ಬರುತ್ತಿದ್ದುದು ಅವರೊಬ್ಬರಿಗೇ.

"ಇನ್ನೊಮ್ಮೆ ಬರೇ ಹಾಡಿದ್ರ ಸಾಕ್ರಿ, ಆಯಿ."

"ಕಲ್ಲು ತಿರುಗದಿದ್ರ ಪದ ಹೆಂಗ ಬರತೈತೋ ತಮ್ಮಾ?" ಎಂದು ಮತ್ತೆ ಜೋಳ ಹಾಕಿದರು. ಮತ್ತೆ ಖಾಲಿ. ಮೂರನೆಯ ಸಲ ದಣಿದು ನಿಂತು ನಿಂತು ಬೀಸಿದರು; ಆಗಲೂ ಖಾಲಿ.

ಚಹಾ ಕುಡಿಯುವಾಗ ಮೂರೂ ಹಾಡು ಒಮ್ಮೆಗೇ ಪಟ್ಟಿಯಲ್ಲಿ ಮೂಡಿದವು. ನಾನು ಬೆಚ್ಚಿಬಿದ್ದೆ. ಫೋನು ಹೊಸ ಫೈಲುಗಳನ್ನು ತನ್ನ ಪಾಡಿಗೆ ಹುಡುಕಿ, ತುಸು ತಡವಾಗಿ ಪಟ್ಟಿಗೆ ಸೇರಿಸುತ್ತದೆ. ಅದು ಮುಗಿಯುವತನಕ ಕಾಯುವುದನ್ನು ಆ್ಯಪಿಗೆ ನಾನು ಕಲಿಸಿರಲಿಲ್ಲ. ಅಜ್ಜಿಯ ಮುಂದೆ ತಪ್ಪೊಪ್ಪಿಕೊಂಡೆ.

"ಅಂದ್ರ ಮೊದಲನೇದಽ ಸಿಕ್ಕಿತ್ತೇನೋ ಹುಚ್ಚಪ್ಯಾಲಿ!"

"ಹೌದ್ರಿ."

ಹಿಟ್ಟಿನ ಬುಟ್ಟಿಯನ್ನು ನನ್ನತ್ತ ತಳ್ಳಿದರು. "ಹಂಗಾದ್ರ ರೊಟ್ಟಿ ನೀನಽ ಬಡಿ."

ಆ್ಯಪನ್ನು ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ನನ್ನ ರೊಟ್ಟಿ ಇನ್ನೂ ದುಂಡಗಾಗಿಲ್ಲ.