ಅಕ್ಕನ ಕಾಲಿನ ಅಳತೆ

ನಾನು ಚಿಕ್ಕವನಿದ್ದಾಗ, ಅಂದರೆ ನಿಮ್ಮ ಹಾಗೆ ಒಂದು ಹಲ್ಲು ಬಿದ್ದು ಇನ್ನೊಂದು ಅಲ್ಲಾಡುತ್ತಿದ್ದ ವಯಸ್ಸಿನಲ್ಲಿ, ಬಿಳಿ ಕಾರು ಕಂಡರೆ ನನಗೆ ಜೀವವೇ ಬಾಯಿಗೆ ಬರುತ್ತಿತ್ತು. ನಗಬೇಡಿ, ಮೊದಲು ಕಾರಣ ಕೇಳಿ.

ಅಮ್ಮ ತೀರಿಹೋಗಿದ್ದಳು. ಅಪ್ಪ ಸೈನ್ಯದಲ್ಲಿದ್ದರು. ಗಡಿಗೆ ವರ್ಗವಾದಾಗ ಪರಿಚಯದ ಪಾದ್ರಿಗಳನ್ನು ಕೇಳಿಕೊಂಡು, ನನ್ನನ್ನೂ ಅಕ್ಕನನ್ನೂ ಫರೀದಾಬಾದಿನಲ್ಲಿ ಚರ್ಚಿನವರು ನಡೆಸುತ್ತಿದ್ದ ಮಕ್ಕಳ ಮನೆಯಲ್ಲಿ ಬಿಟ್ಟರು. "ರಜೆ ಸಿಕ್ಕ ತಕ್ಷಣ ಬರ್ತೀನಿ. ಅಲ್ಲೀವರೆಗೂ ಇಬ್ರೂ ಒಟ್ಟಿಗಿರಿ" ಎಂದು ಹೇಳಿ ಹೋದರು. ಅಲ್ಲಿ ಎಲ್ಲರದೂ ಹಿಂದಿ. ಕನ್ನಡ ಆಡಲು ನನಗಿದ್ದವಳು ಅಕ್ಕ ಒಬ್ಬಳೇ.

ಆ ಮನೆಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ ಪುಟ್ಟ ಹುಡುಗಿಯೊಬ್ಬಳಿದ್ದಳು. ಒಂದು ದಿನ ಹೊರದೇಶದ ಗಂಡ ಹೆಂಡತಿ ಬಂದು, ಅವಳಿಗೆ ಹೊಸ ಕೆಂಪು ಬೂಟು ತೊಡಿಸಿ, ಬಿಳಿ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಮಗಳಾಗಿ ಸಾಕಿಕೊಳ್ಳಲು ಕರೆದೊಯ್ದರು ಎಂಬುದು ದೊಡ್ಡವರಿಗೆ ಗೊತ್ತಿತ್ತು. ನಮಗೆ ಗೊತ್ತಿದ್ದದ್ದು ಇಷ್ಟೇ: ಹೊಸ ಬೂಟು ಬಂತು, ಅವಳು ಹೋದಳು.

ಆ ಚಳಿಗಾಲದಲ್ಲಿ ಹೊರದೇಶದ ಚರ್ಚೊಂದರಿಂದ ಕೆಲವರು ನಮ್ಮಲ್ಲಿಗೆ ಸೇವೆಗೆಂದು ಬಂದರು. ಬಂದದ್ದೂ ಬಿಳಿ ಕಾರಿನಲ್ಲೇ! ಗೋಡೆಗೆ ಸುಣ್ಣ ಬಳಿದರು, ನಮ್ಮ ತಲೆ ಬಾಚಿದರು, ಹಾಡು ಕಲಿಸಿದರು. ಹತ್ತಿರ ಬಂದರೆ ನಮಗೆ ಗೊತ್ತಿಲ್ಲದ ಯಾವುದೋ ಸೋಪಿನ ವಾಸನೆ. ಒಂದು ಬೆಳಿಗ್ಗೆ ಕಂಬದಷ್ಟು ಎತ್ತರದ ಮೇಡಂ ಒಬ್ಬರು ನೆಲಕ್ಕೆ ಕಂದು ಕಾಗದ ಹಾಸಿದರು. ಕೆಲವು ಮಕ್ಕಳನ್ನು ಮಾತ್ರ ಕರೆದು, ಅದರ ಮೇಲೆ ಪಾದ ಇಡಿಸಿ, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದರು. ಏಕೆಂದು ಯಾರೂ ನಮಗೆ ಹೇಳಲಿಲ್ಲ. ಅಕ್ಕನನ್ನು ಕರೆದರು, ನನ್ನನ್ನು ಕರೆಯಲಿಲ್ಲ.

"ಜಿಸ್‌ಕಾ ನಾಪ್ ಲಿಯಾ, ವೋ ಗಯಾ" ಎಂದು ಪಕ್ಕದ ಹುಡುಗ ಪಿಸುಗುಟ್ಟಿದ. ಯಾರ ಅಳತೆ ತೆಗೆದರೋ ಅವರು ಹೋದಂತೆಯೇ ಅಂತ. ಅಪ್ಪ ಬಂದಾಗ ಅಕ್ಕ ಇಲ್ಲದಿದ್ದರೆ? ಅವಳನ್ನು ಎಲ್ಲಿ ಅಂತ ಹುಡುಕುವುದು?

ಮಧ್ಯಾಹ್ನ ನನ್ನ ಪಾಲಿನ ರಾಜ್ಮಾ ಕಾಳನ್ನು ಪಕ್ಕದವನ ತಟ್ಟೆಗೆ ಸುರಿದೆ. ಸಂಜೆ ಗೇಟಿನ ಬಳಿ ಕಾರು ಬಂದು ನಿಂತ ಸದ್ದಾಯಿತು. ನಾನು ಅಕ್ಕನ ಕೈ ಹಿಡಿದೆಳೆದುಕೊಂಡು ಹೊದೆಯುವ ದಪ್ಪ ರಜಾಯಿಗಳನ್ನು ಇಡುವ ಕೋಣೆಗೆ ಓಡಿದೆ. ಮಡಿಸಿಟ್ಟ ರಜಾಯಿಗಳ ರಾಶಿಯ ಹಿಂದೆ ಮುದುಡಿ ಕೂತೆವು. ಕತ್ತಲು, ನುಸಿಗುಳಿಗೆಯ ಘಾಟು. ಅಕ್ಕ ಧೈರ್ಯವಂತೆ, ಆದರೆ ಅವಳ ಅಂಗೈಯೂ ಬೆವೆತಿತ್ತು.

"ಅಕ್ಕಾ, ನೀನು ಹೋಗ್ಬಿಡ್ತೀಯಾ?"

"ಸುಮ್ನಿರೋ. ಅಪ್ಪ ಬರೋ ತನಕ ನಾನೆಲ್ಲೂ ಹೋಗಲ್ಲ" ಎಂದಳು.

ಹೊರಗೆ ನಮ್ಮ ಹೆಸರು ಕೂಗುತ್ತಿದ್ದರು. ಹೆಜ್ಜೆ ಸದ್ದು ಹತ್ತಿರವಾಯಿತು, ಬಾಗಿಲು ಕಿರ್ರೆಂದಿತು. ರಜಾಯಿ ಸರಿಸಿದ ಉದ್ದನೆಯ ಕೈ ಕಂಡದ್ದೇ ತಡ, ಅಕ್ಕನನ್ನು ತಬ್ಬಿಕೊಂಡು "ಬೇಡಾ!" ಎಂದು ಚೀರಿದೆ. ಮೇಡಂ ಬೆಚ್ಚಿ ಹಿಂದೆ ಸರಿದರು. ಅವರ ಹಿಂದೆ ನಮ್ಮ ಆಯಾ, ಅವಳ ತೋಳಿನ ತುಂಬ ರಟ್ಟಿನ ಡಬ್ಬಗಳು.

"ಅರೇ ಪಗ್ಲೇ, ಕರೋಲ್ ಬಾಗ್ ಸೇ ಜೂತೇ ಲಾಯೇ ಹೈಂ! ಕೋಯೀ ಕಹೀಂ ನಹೀಂ ಜಾ ರಹಾ!" ಎಂದಳು ಆಯಾ. ದಿಲ್ಲಿಯ ಕರೋಲ್ ಬಾಗ್ ಪೇಟೆಯಿಂದ ಬೂಟು ತಂದಿದ್ದಾರಷ್ಟೇ, ಯಾರೂ ಎಲ್ಲಿಗೂ ಹೋಗುತ್ತಿಲ್ಲ. ಬೂಟು ಹರಿದವರ ಅಳತೆ ಮಾತ್ರ ತೆಗೆದಿದ್ದರಂತೆ. ನನಗೆ ಅಪ್ಪ ಹೋಗುವ ಮುಂಚೆಯಷ್ಟೇ ಹೊಸದು ಕೊಡಿಸಿದ್ದರು.

ಅಲ್ಲಿಗೆ ಭಯ ಹೋಯಿತು ಅಂದುಕೊಂಡಿರಾ? ಅಯ್ಯೋ, ಎಲ್ಲಿಯ ಮಾತು! ಅಕ್ಕ ಆ ಬೂಟಿಗೆ ಕಾಲೇ ಹಾಕಲಿಲ್ಲ. ಮಾವಿನ ಹಣ್ಣಿನ ಕಾಲ ಮುಗಿಯುವಾಗ ಅಪ್ಪ ಬಂದರು. ಹರಿದ ಬೂಟಿನಿಂದ ಹೆಬ್ಬೆರಳು ಹೊರಗಿಟ್ಟುಕೊಂಡೇ ಅಕ್ಕ ಗೇಟಿನವರೆಗೆ ಓಡಿದಳು. ಅಪ್ಪ ಡಬ್ಬ ಬಿಚ್ಚಿ ಹೊಸ ಬೂಟು ತೊಡಿಸಲು ಕೂತರೆ, ಅದು ಅವಳಿಗೆ ಆಗಲೇ ಚಿಕ್ಕದಾಗಿತ್ತು. ಅಪ್ಪ ಅವಳ ಪಾದವನ್ನು ತಮ್ಮ ಅಂಗೈ ಮೇಲಿಟ್ಟು ಅಳತೆ ನೋಡಿದರು.

ಈಗ ನಿಮ್ಮದೇ ನೋಡಿ. ಬೂಟು ಫೋನಿನಲ್ಲೇ ಆರಿಸುತ್ತೀರಿ, ಬಿಗಿಯಾದರೆ ವಾಪಸ್ಸು ಕಳಿಸುತ್ತೀರಿ. ಅಪ್ಪ ಬರುವುದು ಅರ್ಧ ಗಂಟೆ ತಡವಾದರೆ ವಿಡಿಯೋದಲ್ಲಿ ಮುಖ ನೋಡುತ್ತೀರಿ. ನಿಮ್ಮ ದೊಡ್ಡಕ್ಕ, ನನ್ನ ಹಿರಿಯ ಮೊಮ್ಮಗಳು, ನಮ್ಮ ಚರ್ಚಿನವರ ಜೊತೆ ಕೀನ್ಯಾದ ಒಂದು ಮಕ್ಕಳ ಮನೆಗೆ ಸೇವೆಗೆ ಹೊರಟಿದ್ದಾಳೆ. ಅಲ್ಲಿಯ ಮಕ್ಕಳಿಗೆ ಹೊರದೇಶದ ಮೇಡಂ ಈಗ ಅವಳೇ!

"ಅಜ್ಜಾ, ಆಪ್‌ಕೇ ಲಿಯೇ ಕ್ಯಾ ಲಾವೂಂ?" ಎಂದು, ನನಗೇನು ತರಲಿ ಅಂತ, ತನಗೆ ರೂಢಿಯಾದ ಹಿಂದಿಯಲ್ಲೇ ಕೇಳಿದಳು.

"ನನಗೇನೂ ತರಬೇಡಮ್ಮ" ಎಂದೆ. "'ನಿನ್ನನ್ನ ಎಲ್ಲಿಗೂ ಕರ್ಕೊಂಡು ಹೋಗಲ್ಲ' ಅನ್ನೋದನ್ನ ಆ ಮಕ್ಕಳ ಮಾತಲ್ಲಿ ಕಲ್ತುಕೊಂಡು ಹೋಗು. ಬೇರೆ ಏನು ಮಾಡೋಕೂ ಮುಂಚೆ ಅದನ್ನ ಹೇಳು."

ನಿನ್ನೆಯಿಂದ ಫೋನು ಹಿಡಿದು ಅದನ್ನೇ ಬಾಯಿಪಾಠ ಮಾಡುತ್ತಿದ್ದಾಳೆ. ನನಗೆ ಆ ಭಾಷೆಯ ಒಂದಕ್ಷರವೂ ಬರುವುದಿಲ್ಲ. ಆದರೂ ಪಕ್ಕದ ಕೋಣೆಯಿಂದ ಅದು ಕೇಳಿಸಿದಾಗಲೆಲ್ಲ, ರಜಾಯಿಗಳ ಹಿಂದೆ ಕೂತಿದ್ದ ನನಗೇ ಯಾರೋ ಹೇಳಿದ ಹಾಗಾಗುತ್ತದೆ.