ಟಾಸ್ ಆಗದ ದಿನದ ಹನ್ನೊಂದನೆಯವನು

"ಎಡಕ್ಕೆ ಬಾ, ಎಡಕ್ಕೆ! ಹಗ್ಗ ನೆಲ ಬಿಡ್ತಿದೆ ಬೆರಿಲ್!"

"ನಿನ್ನ ಕಡೇದೇ ಗಾಳೀಲಿ ತೇಲ್ತಿದೆ, ನನಗೇನು ಹೇಳ್ತೀಯ. ಸುಮ್ನೆ ನಡಿ."

ಬೆಳಗಿನ ಆರು ಗಂಟೆ ಇನ್ನೂ ಆಗಿಲ್ಲ. ಎಂಬತ್ತು ಗಜದ ದಪ್ಪ ಹಗ್ಗದ ಒಂದು ತುದಿ ಸೆಲ್ವಿನ್ ಥ್ರಪ್ ಅವರ ಸೊಂಟಕ್ಕೆ ಸುತ್ತಿಕೊಂಡಿದೆ, ಇನ್ನೊಂದು ಬೆರಿಲ್ ಪ್ರೋಬರ್ಟ್ ಅವರ ಕೈಯಲ್ಲಿದೆ. ಇಬ್ಬರೂ ಸಮ ಹೆಜ್ಜೆ ಹಾಕುತ್ತ ಹಾರ್ಲಿಬ್ರೂಕ್ ಮೈದಾನದ ಉದ್ದಕ್ಕೂ ಅದನ್ನು ಎಳೆಯುತ್ತಾರೆ. ಹಗ್ಗ ಸವರಿದಲ್ಲೆಲ್ಲ ನೀರು ಉದುರಿ, ಬೂದು ಹುಲ್ಲು ಹಸಿರಾಗುತ್ತದೆ. ಹೋಗಿ ಬಂದು ಹದಿನಾಲ್ಕು ಸಲ. ಇಬ್ಬನಿ ಹೀಗೆ ಉದುರಿದರೆ ಹುಲ್ಲು ಎರಡು ಗಂಟೆ ಮುಂಚೆ ಒಣಗುತ್ತದೆ. ನಿನ್ನೆ ಬಿದ್ದ ಮಳೆಗೆ ಮಾತ್ರ ಹಗ್ಗದಲ್ಲಿ ಮದ್ದಿಲ್ಲ.

ಸೆಲ್ವಿನ್‌ಗೆ ಅರವತ್ತೆಂಟು. ನಲವತ್ನಾಲ್ಕು ವರ್ಷಗಳಿಂದ ಈ ಮೈದಾನದಲ್ಲೇ ಅವರ ಕೆಲಸ, ಈಗ ಅವರೇ ಮೈದಾನಪಾಲಕ. ಬೆರಿಲ್ ಅವರು ಕೌಂಟಿ, ಅಂದರೆ ಜಿಲ್ಲೆಯ, ತಂಡದ ಸ್ಕೋರರ್. ಹಗ್ಗ ಹಿಡಿಯುವುದು ಅವರ ಕೆಲಸವಲ್ಲ, ಆದರೂ ಪಂದ್ಯದ ದಿನ ತಪ್ಪಿಸುವುದಿಲ್ಲ. "ಒಬ್ನೇ ಎಳೆದ್ರೆ ಹಗ್ಗ ಸುತ್ಕೊಂಡು ಬೀಳ್ತಾನೆ. ಆಮೇಲೆ ನಾನೇ ತಾನೇ ಎತ್ತಬೇಕು" ಎನ್ನುತ್ತಾರೆ.

ಕ್ರಿಕೆಟ್ಟಿನ ಏಣಿಯಲ್ಲಿ ನಮ್ಮ ಕೌಂಟಿಯದು ಕೆಳಗಿನ ಮೆಟ್ಟಿಲು. ಟಿವಿಯವರು ಬರುವುದಿಲ್ಲ. ತಂಡದಲ್ಲಿ ಒಬ್ಬ ಪ್ಲಂಬರ್, ಒಬ್ಬ ಶಾಲೆಯ ಮೇಷ್ಟ್ರು, ಕುರಿ ಸಾಕುವ ಅಣ್ಣತಮ್ಮಂದಿರು ಇದ್ದಾರೆ. ಎಲ್ಲರೂ ಕೆಲಸಕ್ಕೆ ರಜೆ ಹಾಕಿ ಬಂದು ಆಡುವವರು. ಬೇಸಿಗೆಗೆ ಆರೇ ಪಂದ್ಯ, ಒಂದೊಂದೂ ಮೂರು ದಿನದ್ದು. ಈ ವರ್ಷ ಮುಗಿದಿರುವ ಐದರಲ್ಲಿ ಮೂರು ಸೋಲು, ಎರಡು ಡ್ರಾ. ಜೂನ್‌ನಲ್ಲಿ ಇದೇ ಮೈದಾನದಲ್ಲಿ ಕುರಿಯ ಅಣ್ಣತಮ್ಮಂದಿರು ಕೊನೆಯ ವಿಕೆಟ್ಟಿಗೆ ಎಪ್ಪತ್ತು ನಿಮಿಷ ಕಚ್ಚಿ ನಿಂತು ಸೋಲು ತಪ್ಪಿಸಿದರು. ವರ್ಷದ ಸಂಭ್ರಮ ಅಷ್ಟೇ. ಇಂದು ಶುರುವಾಗಬೇಕಿರುವುದು ಆರನೆಯದು. ಎದುರಾಳಿಗಳೂ ಪಟ್ಟಿಯ ತಳದವರೇ. ಗೆದ್ದವರು ಮೇಲೇರುವುದಿಲ್ಲ, ಸೋತವರು ಇಳಿಯಲು ಕೆಳಗೆ ಜಾಗವೇ ಇಲ್ಲ.

ಆದರೆ ಹಾರ್ಲಿಬ್ರೂಕ್‌ನಲ್ಲಿ ಇದು ಕೊನೆಯ ಕೌಂಟಿ ಪಂದ್ಯ. ಮುಂದಿನ ಬೇಸಿಗೆಯಿಂದ ಕೌಂಟಿ ಹೊಸ ಮೈದಾನಕ್ಕೆ ಹೋಗುತ್ತದೆ. ಇಲ್ಲಿ ಉಳಿಯುವುದು ಊರಿನ ಶನಿವಾರದ ಆಟ.

ಪೆವಿಲಿಯನ್ನಿನ ಚಹಾ ಕೋಣೆಯಲ್ಲಿ, ಮೊಟ್ಟೆಯ ಸ್ಯಾಂಡ್‌ವಿಚ್ ಇಡುವ ಮೇಜಿನ ಮೇಲ್ಗಡೆ, ಒಂದು ಓಕ್ ಹಲಗೆ ಇದೆ. ಈ ಊರಿನಿಂದ ಕೌಂಟಿಗೆ ಆಡಿದವರ ಹೆಸರುಗಳು ಅದರ ಮೇಲೆ ಚಿನ್ನದ ಅಕ್ಷರದಲ್ಲಿವೆ, ಹದಿನೇಳು ಜನ. ತಿಂಗಳಿಗೊಮ್ಮೆ ಸೆಲ್ವಿನ್ ಅದಕ್ಕೆ ಜೇನುಮೇಣ ಹಚ್ಚಿ ಉಜ್ಜುತ್ತಾರೆ. 1979ರ ಹೆಸರಿನ ಕೆಳಗೆ ನೇರ 1986ರದ್ದು. ಆ ಎರಡರ ನಡುವೆ ಉಜ್ಜುವಾಗ ಅವರ ಕೈ ಸ್ವಲ್ಪ ನಿಧಾನವಾಗುತ್ತದೆ.

1983ರ ಬೇಸಿಗೆಯಲ್ಲಿ ಅವರು ಊರಿನ ತಂಡಕ್ಕೆ ಅರವತ್ತೊಂದು ವಿಕೆಟ್ ತೆಗೆದಿದ್ದರು. ಕೌಂಟಿಯ ಬೌಲರ್ ಒಬ್ಬನ ಕಾಲು ಉಳುಕಿ, ಇದೇ ಮೈದಾನದ ಪಂದ್ಯಕ್ಕೆ ಇಪ್ಪತ್ತಾರರ ಸೆಲ್ವಿನ್‌ಗೆ ಕರೆ ಬಂತು. ಆಗ ಅವರು ಇಲ್ಲಿ ಕೈಕೆಳಗಿನ ಆಳು. ಆ ದಿನ ಹಿರಿಯ ಮೈದಾನಪಾಲಕ ಜ್ವರದಿಂದ ಮಲಗಿದ್ದರಿಂದ, ಆಡುವ ಬಿಳಿ ಬಟ್ಟೆಯಲ್ಲೇ ಮೈದಾನದ ಹೊಣೆಯನ್ನೂ ಹೊತ್ತರು.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಪಿಚ್ಚಿನ ಸುತ್ತ ಬಿಳಿ ಹಗ್ಗದ ಬೇಲಿ. ಅದನ್ನು ಮೈದಾನಪಾಲಕ ತನ್ನ ಕೈಯಾರೆ ಬಿಚ್ಚುವವರೆಗೆ ನಾಯಕರು ಟಾಸ್‌ಗೆ ಒಳಗೆ ಕಾಲಿಡುವಂತಿಲ್ಲ. ಅಂಪೈರುಗಳೂ ಅದನ್ನು ಮೀರುವುದಿಲ್ಲ. ಟಾಸ್ ಆದರೆ ಅದು ಪಂದ್ಯ. ಆಮೇಲೆ ಒಂದು ಚೆಂಡೂ ಬೀಳದಿದ್ದರೂ ಹನ್ನೊಂದು ಹೆಸರು ಕೌಂಟಿಯ ಪುಸ್ತಕಕ್ಕೆ ಸೇರುತ್ತವೆ. ಟಾಸ್ ಆಗದಿದ್ದರೆ ಅದು ನಡೆದೇ ಇಲ್ಲ.

"ಕ್ಯಾಪ್ಟನ್ ಬಂದು, 'ಏನಪ್ಪಾ, ಬಿಚ್ಚು, ಮೋಡ ಬರ್ತಿದೆ' ಅಂದ್ರು" ಎಂದು ಸೆಲ್ವಿನ್ ನೆನೆಯುತ್ತಾರೆ. "ನಾನು ಮೈದಾನದ ಚರ್ಚ್ ಕಡೆ ತುದಿಗೆ ಹೋಗಿ, ಬೌಲರ್ ಓಡಿಬರೋ ಜಾಗದಲ್ಲಿ ಹೆಬ್ಬೆರಳು ಒತ್ತಿದೆ. ನೀರು ಮೇಲೆ ಬಂತು. 'ಅರ್ಧ ಗಂಟೆ ಕೊಡಿ' ಅಂದೆ."

ಅರ್ಧ ಗಂಟೆಯೊಳಗೆ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಮುಂದಿನ ಪಂದ್ಯಕ್ಕೆ ಉಳುಕಿದ ಕಾಲು ಸರಿಹೋಗಿತ್ತು. ಮತ್ತೆ ಕರೆ ಬರಲಿಲ್ಲ.

"ಸುಳ್ಳು ಹೇಳ್ಬಹುದಿತ್ತಲ್ಲಾ ಅಂತಾರೆ ಎಲ್ರೂ. ಅವತ್ತು ಅದು ಹೊಳೀಲೇ ಇಲ್ಲ ಕಣಪ್ಪ. ಹೊಳೆದಿದ್ದು ಮೂರನೇ ದಿನ. ಆಮೇಲೆ ದಿನಾ ಹೊಳೀತಾ ಇದೆ."

ಬೆರಿಲ್ ಅವರಿಗೂ ಆ ದಿನ ನೆನಪಿದೆ. ಅವರಿಗದು ಎರಡನೆಯ ವರ್ಷ. ಟಾಸ್‌ಗೆ ಮುಂಚೆ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆಯುವುದು, ಆದ ಮೇಲೆ ಶಾಯಿ ಹಾಕುವುದು ಅವರ ಪದ್ಧತಿ. ಆಗದಿದ್ದರೆ ಅಳಿಸಿ, ಅದೇ ಪುಟವನ್ನು ಮುಂದಿನ ಪಂದ್ಯಕ್ಕೆ ಬಳಸುತ್ತಾರೆ. "ಅಳಿಸಿದೆ, ಏನ್ಮಾಡ್ಲಿ. ಆದ್ರೆ ನಾನು ಒತ್ತಿ ಬರೆಯೋಳು. ಬೆಳಕಿಗೆ ಹಿಡಿದ್ರೆ ಹನ್ನೊಂದನೇ ಸಾಲಲ್ಲಿ ಇವನ ಹೆಸರಿನ ಗೀರು ಕಾಣ್ತದೆ. ಇವನಿಗೆ ಮಾತ್ರ ಇನ್ನೂ ತೋರಿಸಿಲ್ಲ."

ಏಪ್ರಿಲ್‌ನಿಂದ ಸೆಪ್ಟೆಂಬರಿನವರೆಗೆ ಸೆಲ್ವಿನ್ ದಿನಕ್ಕೆ ಹನ್ನೊಂದು ಮೈಲಿ ನಡೆಯುತ್ತಾರೆ, ಎಲ್ಲ ಈ ಮೈದಾನದೊಳಗೇ. ಒಂದು ಪಿಚ್ಚಿಗೆ ಹತ್ತು ದಿನದ ತಯಾರಿ. ಹುಲ್ಲು ಐದು ಮಿಲಿಮೀಟರಿಗೆ ಇಳಿಯಬೇಕು. ಆಟ ಶುರುವಾದ ಮೇಲೆ ಅವರು ಪೆವಿಲಿಯನ್ನಿಗೆ ಬರುವುದಿಲ್ಲ. ಮೈದಾನದಂಚಿನ ಬಿಳಿ ಸೈಟ್‌ಸ್ಕ್ರೀನಿನ ಹಿಂದೆ ರೋಲರಿನ ಮೇಲೆ ಕೂತು ಬ್ಯಾಟಿನ ಸದ್ದು ಕೇಳುತ್ತಾರೆ. ಶೆಡ್ಡಿನಲ್ಲಿ, ಮೊಳೆಯೊಂದಕ್ಕೆ, ಒಂದು ಜೊತೆ ಹಳೆಯ ಕ್ರಿಕೆಟ್ ಬೂಟು ತೂಗುತ್ತದೆ. ಪ್ರತಿ ಪಂದ್ಯದ ಹಿಂದಿನ ದಿನ ಅದಕ್ಕೆ ಬಿಳಿ ಬಣ್ಣ ಬೀಳುತ್ತದೆ.

"ಚರ್ಮ ಒಡೀಬಾರ್ದು ಅಂತ" ಎನ್ನುತ್ತಾರೆ ಸೆಲ್ವಿನ್.

"ಹೌದೌದು. ಮದುವೆ ಗಂಡಿನ ಹಾಗೆ ಸಿಂಗಾರ ಮಾಡ್ತಾನೆ, ಚರ್ಮಕ್ಕೋಸ್ಕರವಂತೆ!" ಬೆರಿಲ್ ಫ್ಲಾಸ್ಕಿನಿಂದ ಚಹಾ ಸುರಿಯುತ್ತಾರೆ.

ಹತ್ತು ಗಂಟೆಗೆ ವೇಲ್ಸ್ ಬೆಟ್ಟಗಳ ಕಡೆಯಿಂದ ಮೋಡ ಕಪ್ಪಗೆ ಏರುತ್ತಿದೆ. ಮೂರು ದಿನವೂ ಮಳೆ ಎಂದು ರೇಡಿಯೊ ಹೇಳಿದೆ. ನಾಯಕ ಜೋನಾ ಗಿಟಿನ್ಸ್, ತಂಡದ ಪ್ಲಂಬರ್, ಫೋನ್ ಹಿಡಿದು, ಹಗ್ಗದ ಬೇಲಿಯ ಬಳಿ ನಿಂತ ಸೆಲ್ವಿನ್ ಹತ್ತಿರ ಓಡಿಬರುತ್ತಾನೆ. ಮೇಷ್ಟ್ರ ಕಾರು ಹೆದ್ದಾರಿಯಲ್ಲಿ ಕೆಟ್ಟು ನಿಂತಿದೆ. ಇರುವುದು ಹತ್ತೇ ಜನ.

"ಸೆಲ್, ಬೂಟು ಹಾಕ್ಕೊಳ್ಳಿ."

"ಏನು?"

"ಹನ್ನೊಂದನೆಯವರು ನೀವೇ. ಅವರ ಕ್ಯಾಪ್ಟನ್ ಒಪ್ಪಿದಾನೆ, ಅಂಪೈರುಗಳೂ ಒಪ್ಪಿದಾರೆ. ಇಪ್ಪತ್ತು ನಿಮಿಷದಲ್ಲಿ ಮಳೆ. ಈಗ ಹಗ್ಗ ಬಿಚ್ಚಿ, ಟಾಸ್ ಹಾಕಿ ಒಳಗೆ ಹೋಗೋಣ. ಹಲಗೇಲಿ ಜಾಗ ಇದೆ."

"ನನ್ನ ಮಂಡಿ ನೋಡಿದೀಯೇನೋ?"

"ಮಂಡಿಗೇನು ಕೆಲಸ? ಒಂದು ಚೆಂಡೂ ಬೀಳಲ್ಲ!"

ಸೆಲ್ವಿನ್ ಶೆಡ್ಡಿಗೆ ಹೋಗುತ್ತಾರೆ. ಸ್ಕೋರರ್ ಕಿಟಕಿಯಲ್ಲಿ ಬೆರಿಲ್ ಪುಸ್ತಕ ಬಿಚ್ಚಿ ಕೂತಿದ್ದಾರೆ. ಹನ್ನೊಂದನೆಯ ಸಾಲಿನಲ್ಲಿ ಎಸ್. ಥ್ರಪ್ ಎಂದು ಪೆನ್ಸಿಲಿನಲ್ಲಿ ಬರೆದಾಗಿದೆ. ಶಾಯಿ ಪೆನ್ನಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಿದ್ದಾರೆ.

ಶೆಡ್ಡಿನ ಬಾಗಿಲು ತೆರೆಯುತ್ತದೆ. ಸೆಲ್ವಿನ್ ಬರುತ್ತಾರೆ, ಕಾಲಲ್ಲಿ ಬಿಳಿ ಬೂಟು. ಪೆವಿಲಿಯನ್ ಮೆಟ್ಟಿಲಿನಿಂದ ಯಾರೋ ಸಿಳ್ಳೆ ಹಾಕುತ್ತಾರೆ. ಎರಡೂ ತಂಡದವರು ಚಪ್ಪಾಳೆ ತಟ್ಟುತ್ತಾರೆ. ಅವರು ಬಿಳಿ ಹಗ್ಗದ ಗೂಟದವರೆಗೆ ಬಂದು, ಗಂಟಿನ ಮೇಲೆ ಕೈ ಇಟ್ಟು, ಒಂದು ಕ್ಷಣ ನಿಲ್ಲುತ್ತಾರೆ. ಆಮೇಲೆ ಕೈ ತೆಗೆದು ಚರ್ಚ್ ಕಡೆಗೆ ನಡೆಯುತ್ತಾರೆ. ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ನೆಲಕ್ಕೆ ಹೆಬ್ಬೆರಳು ಒತ್ತುತ್ತಾರೆ.

"ಸೆಲ್, ಬೀಳೋದು ನಾಣ್ಯ, ಬೌಲರ್ ಅಲ್ಲ!" ಗಿಟಿನ್ಸ್ ಹಿಂದೆಯೇ ಬಂದಿದ್ದಾನೆ. "ಇದರಿಂದ ಯಾರಿಗೆ ನಷ್ಟ ಹೇಳಿ?"

"ಯಾರಿಗೂ ಇಲ್ಲ."

"ಮತ್ತೆ? ಮುಂದಿನ ವರ್ಷ ಇಲ್ಲಿ ಟಾಸೇ ಇಲ್ಲ!"

"ಗೊತ್ತು ಕಣೋ."

ಮೊದಲ ಹನಿ ಬೂಟಿನ ಬಿಳಿಯ ಮೇಲೆ ಬೀಳುತ್ತದೆ. ಸೆಲ್ವಿನ್ ಎದ್ದು, ಒದ್ದೆಯಾದ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ.

"ನೆಲ ಹಸಿ ಇದೆ. ಹಗ್ಗ ಬಿಚ್ಚಲ್ಲ."