ಕ್ಯಾಪ್ಟನ್‌ಗೆ ನಾಗರತ್ನ ಕೊಟ್ಟ ಮುಖ

ಕೂಡ್ಲಿಗಿ ಬಸ್ ನಿಲ್ದಾಣದ ಎದುರಿಗಿದ್ದ ಎಸ್‌ಟಿಡಿ ಬೂತು ನಾಗರತ್ನಳದು. ಎಳವೆಯಲ್ಲೇ ಪೋಲಿಯೋ ಬಂದು ಒಂದು ಕಾಲು ಸೊರಗಿತ್ತು, ಬಿ.ಎ. ಮುಗಿದ ಮೇಲೆ ಅಂಗವಿಕಲರ ಕೋಟಾದಲ್ಲಿ ಬೂತು ಸಿಕ್ಕಿತ್ತು. ಗಾಜಿನ ಗೂಡಿನೊಳಗೆ ಜನ ಫೋನಿಗೆ ಕೂಗುತ್ತಿದ್ದರು, ಹೊರಗೆ ಇವಳು ಓದುತ್ತಿದ್ದಳು.

ಪುಸ್ತಕ ಬರುತ್ತಿದ್ದದ್ದು ಪಕ್ಕದ ಮುಜೀಬನ ರದ್ದಿ ಅಂಗಡಿಯಿಂದ. ೧೯೯೬ರಲ್ಲಿ ಬೆಂಗಳೂರಿಂದ ಬಂದ ಒಂದು ಮೂಟೆಯ ತುಂಬ ಇಂಗ್ಲಿಷಿನ ಅಂಗೈಯಗಲದ ಕಾದಂಬರಿಗಳಿದ್ದವು. ಮುಜೀಬ ರಟ್ಟುಗಳನ್ನೆಲ್ಲ ಕಿತ್ತಿಟ್ಟುಕೊಂಡು ಉಳಿದದ್ದನ್ನು ಅವಳ ಮುಂದೆ ಹಾಕಿದ.

"ಇದರ ಹಾಳಿ ಶೇಂಗಾ ಕಟ್ಟಾಕೂ ಸಾಲಂಗಿಲ್ಲಕ್ಕ. ನೀವರ ಓದ್ರಿ."

ಎಲ್ಲವೂ ಒಂದೇ ಆಕಾಶನೌಕೆಯ ಕಥೆಗಳು. ಪರದೇಶದ ಯಾವುದೋ ಟಿ.ವಿ. ಸೀರಿಯಲ್ಲಿನ ಜನರನ್ನಿಟ್ಟುಕೊಂಡು ಬರೆದವು. ಕೂಡ್ಲಿಗಿಯಲ್ಲಿ ಆಗ ದೂರದರ್ಶನ ಬಿಟ್ಟರೆ ಬೇರೆ ಚಾನೆಲ್ ಇರಲಿಲ್ಲ. ಬರೆದವರು ಮಾತ್ರ ಓದುವವರೆಲ್ಲ ಸೀರಿಯಲ್ ನೋಡಿದ್ದಾರೆಂದೇ ತಿಳಿದಿದ್ದರು. 'ಕ್ಯಾಪ್ಟನ್ ಎಂದಿನಂತೆ ನಕ್ಕ' ಎಂದು ಬರೆದು ಮುಂದೆ ಹೋಗುತ್ತಿದ್ದರು. ಎಂದಿನಂತೆ ಅಂದರೆ ಹೇಗೆ? ಅವನಿಗೆ ಮೀಸೆ ಇತ್ತೋ ಇಲ್ಲವೋ? ಡಾಕ್ಟರಮ್ಮ ದಪ್ಪವೋ ತೆಳುವೋ? ಪುಸ್ತಕ ಮುಗಿದರೂ ಯಾರಿಗೂ ಮುಖವಿರಲಿಲ್ಲ.

ನಾಗರತ್ನ ಎದುರಿನ ನಿಲ್ದಾಣದಿಂದ ಮುಖಗಳನ್ನು ತಂದುಕೊಂಡಳು. ಬಳೆ ಮಾರುವ ಜೈತುನ್ ಬೀ ಡಾಕ್ಟರಾದಳು. ಪಂಕ್ಚರ್ ಹಾಕುವ ಎರ್ರೆಪ್ಪ ಇಂಜಿನಿಯರಾದ. ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದ, ದಪ್ಪ ಮೈಯ, ದಪ್ಪ ಮೀಸೆಯ ಕಂಟ್ರೋಲರ್ ಗುರುಸಂಗಪ್ಪ ಕ್ಯಾಪ್ಟನ್ ಆದ. ಮೂರನೆಯ ಪುಸ್ತಕದ ಹೊತ್ತಿಗೆ ಅವನ ಮೇಲೆ ಅವಳಿಗೆ ಬಹಳ ಗೌರವ ಬಂದಿತ್ತು. ಅವನು ಹಲವು ಗ್ರಹಗಳನ್ನು ಉಳಿಸಿದ್ದ. ಅವಳ ಜತೆ ಒಮ್ಮೆಯೂ ಮಾತಾಡಿರಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಕೊಟ್ಟೂರು ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಕಾದಿದ್ದವರಲ್ಲಿ ದ್ಯಾಮಕ್ಕ ಎಂಬಾಕೆ ಇದ್ದಳು, ಜತೆಗೆ ತುಂಬು ಬಸುರಿ ಮಗಳು. ಗುರುಸಂಗಪ್ಪ ಬಸ್ಸಿಲ್ಲವೆಂದು ಮೈಕಿನಲ್ಲಿ ಹೇಳಿ ಚಹಾ ಕುಡಿಯಲು ಹೊರಟ. ನಾಗರತ್ನ ಕೋಲು ಹಿಡಿದು ರಸ್ತೆ ದಾಟಿ ಅವನೆದುರು ನಿಂತಳು.

"ಸರ್, ನೀವು ಹಿಂಗ ಬಿಟ್ಟು ಹೋಗೋರಲ್ರಿ."

"ಯಾರಂದ್ರು?"

"ಯಾರೂ ಅಂದಿಲ್ರಿ. ನನಗ ಗೊತ್ತೈತಿ."

"ನಾ ದಿನಾ ಹಿಂಗ ಹೋಗ್ತೀನಲ್ಲಮ್ಮ."

"ಇವತ್ತು ಹೋಗಂಗಿಲ್ಲ ನೀವು."

ಗುರುಸಂಗಪ್ಪ ಚಹಾದಂಗಡಿ ನೋಡಿದ, ಬಸುರಿಯನ್ನು ನೋಡಿದ. ತನ್ನ ಪರವಾಗಿ ಇಷ್ಟು ಗಟ್ಟಿಯಾಗಿ ಮಾತಾಡುವವರನ್ನು ಅವನು ಹಿಂದೆ ಕಂಡಿರಲಿಲ್ಲ. ರಸ್ತೆಯ ನಡುವೆ ನಿಂತು ಕೊಟ್ಟೂರ ಕಡೆ ಹೊರಟಿದ್ದ ಮದುವೆ ಟೆಂಪೊ ತಡೆದ. ದಿಬ್ಬಣದವರು ಜಗಳಕ್ಕೆ ಬಂದರು. ಅವನು ಮೈಕಿಲ್ಲದೆಯೇ ಒಂದು ಮಾತು ಗದರಿದ. ಅವರು ಸರಿದು ಜಾಗ ಕೊಟ್ಟರು.

ಮರುದಿನ ಹೆಣ್ಣು ಮಗು ಹುಟ್ಟಿತು. ದ್ಯಾಮಕ್ಕ ಪೇಡೆ ತಂದು ನಿಲ್ದಾಣಕ್ಕೆಲ್ಲ ಹಂಚಿ ಕಥೆ ಹೇಳಿದಳು. ಅಂದಿನಿಂದ ಯಾವ ಬಸ್ಸು ಕೆಟ್ಟರೂ ಜನ ಗುರುಸಂಗಪ್ಪನ ಮುಖ ನೋಡತೊಡಗಿದರು. ಅವನ ಚಹಾ ಆರತೊಡಗಿತು. ಕೊನೆಗೆ ಅವನೇ ಬೂತಿಗೆ ಬಂದ.

"ನನ್ನ ಬಗ್ಗಿ ನಿಮಗ ಯಾರು ಏನು ಹೇಳ್ಯಾರ? ಖರೇ ಹೇಳ್ರಿ."

ನಾಗರತ್ನ ಪುಸ್ತಕ ತೋರಿಸಿ, ಮುಖದ ವಿಷಯ ಬಿಡಿಸಿ ಹೇಳಿದಳು. ಗುರುಸಂಗಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ಇದರಾಗ ನಾ ಅದೀನಾ?"

"ಅದೀರಿ."

"ಈಗ ಏನು ಮಾಡಾಕತ್ತೀನಿ?"

"ಗ್ರಹಕ್ಕ ಬೆಂಕಿ ಬಿದ್ದೈತಿ. ವಿಚಾರ ಮಾಡಾಕತ್ತೀರಿ."

ಅವನು ಸ್ಟೂಲು ಎಳೆದುಕೊಂಡ. "ಮುಂದ ಓದ್ರಿ."

ಬಸ್ಸುಗಳ ನಡುವಿನ ಹೊತ್ತಿನಲ್ಲಿ ಅವಳು ಕನ್ನಡದಲ್ಲಿ ಹೇಳುತ್ತಾ ಹೋದಳು. ಅವನು ಕೆಲವು ತೀರ್ಮಾನಗಳನ್ನು ಒಪ್ಪಲಿಲ್ಲ. "ಅಷ್ಟು ಮಂದೀನ ಒಂದ ಗಾಡ್ಯಾಗ ತುಂಬಬಾರದಿತ್ತು ನಾನು," ಎಂದು ಒಮ್ಮೆ ನೊಂದುಕೊಂಡ.

ಕೆಲವು ವರ್ಷಗಳ ಮೇಲೆ ಊರಿಗೆ ಕೇಬಲ್ ಬಂತು. ಅದರಲ್ಲಿ ಆ ಸೀರಿಯಲ್ಲೂ ಬಂತು, ಹಿಂದಿಯಲ್ಲಿ. ತಾನು ಡಾಕ್ಟರಾದದ್ದು ಅಷ್ಟರಲ್ಲಿ ಜೈತುನ್ ಬೀಗೂ ಗೊತ್ತಾಗಿತ್ತು. ಅವಳ ಮನೆಯಲ್ಲೇ ನಾಗರತ್ನ, ಗುರುಸಂಗಪ್ಪ ಸೇರಿ ಮೂವರೂ ಕೂತು ನೋಡಿದರು. ಡಾಕ್ಟರಮ್ಮ ಎಳೆಯ ಹುಡುಗಿ.

"ಯಾ ಅಲ್ಲಾ, ಈಕಿ ನಾನಾ?" ಎಂದು ಜೈತುನ್ ಬೀ ಸೆರಗು ಸರಿಮಾಡಿಕೊಂಡಳು.

ಕ್ಯಾಪ್ಟನ್ ಸಣಕಲ, ಮೀಸೆಯಿಲ್ಲ. ನಾಗರತ್ನಳಿಗೆ ಗುರುಸಂಗಪ್ಪನತ್ತ ನೋಡಲು ನಾಚಿಕೆಯಾಯಿತು. ಅವನು ಕೊನೆಯವರೆಗೂ ನೋಡಿ ಎದ್ದ.

"ಚಲೋ ಅದಾನ. ಆದರ ಅವನ ಮಾತು ಹಿಂದಿನ ಸಾಲಿನೋರಿಗೆ ಕೇಳಂಗಿಲ್ಲ."

ಮರುದಿನ ಮಧ್ಯಾಹ್ನ ಅವನು ಎಂದಿನ ಹೊತ್ತಿಗೇ ಬಂದು ಸ್ಟೂಲಿನ ಮೇಲೆ ಕೂತ. ಅವಳು ಓದಿದಳು. ಎರಡು ಪುಟ ದಾಟುವಷ್ಟರಲ್ಲಿ ಸಣಕಲ ಮರೆಯಾಗಿದ್ದ.

೨೦೦೩ರಲ್ಲಿ ಗುರುಸಂಗಪ್ಪನಿಗೆ ಹರಪನಹಳ್ಳಿಗೆ ವರ್ಗವಾಯಿತು. ಇನ್ನೂ ಕೆಲವು ಪುಸ್ತಕ ಉಳಿದಿದ್ದವು. ಭಾನುವಾರ ಅವನು ಅಲ್ಲಿಂದ ಬೂತಿಗೆ ಫೋನ್ ಮಾಡುತ್ತಿದ್ದ. ನಾಗರತ್ನ ಗಿರಾಕಿಗಳನ್ನು ಕಾಯಿಸಿ ಓದಿ ಹೇಳುತ್ತಿದ್ದಳು. ಒಂದು ಭಾನುವಾರ ಅತ್ತ ಬೇರೆ ದನಿ ಕೇಳಿತು. ಅವನ ಹೆಂಡತಿ ಗೀತಮ್ಮ.

"ಅವರು ಡ್ಯೂಟಿಗೆ ಹೋಗ್ಯಾರಮ್ಮ. ನನಗ ಹೇಳ್ರಿ, ನಾ ಹೇಳ್ತೀನಿ ಅವರಿಗೆ. ಆ ಡಾಕ್ಟರಮ್ಮಗ ಜ್ವರ ಬಿಡ್ತಾ?"